ಹೇಮಕುಂಡಕ್ಕೆ ಒಂದು ದಿನದ ದಾರಿ

‘ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ’ ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಭೂಪಟದ ಮೇಲಿನ ಬೆಟ್ಟವು ಅದಕ್ಕಿಂತಲೂ ನುಣ್ಣಗಿರುವುದು. ಗಢವಾಲ ಹಿಮಾಲಯದ ಘಾಂಗರಿಯಾ ಎಂಬ ಊರಿನಿಂದ ಹೇಮಕುಂಡವೆಂಬ ಸರೋವರಕ್ಕೆ ಇರುವ ದಾರಿ ಸುಮಾರು 6 ಕಿಲೋಮೀಟರು. ಬಯಲುನಾಡಿನಲ್ಲಿ ಆರೋಗ್ಯವಂತನು ಗಂಟೆಗೆ 5 ಕಿಲೋಮೀಟರು ನಡೆಯಬಲ್ಲನು. ಹಾಗಾದರೆ ಒಂದೂಕಾಲು ಗಂಟೆಯೊಳಗೆ ಸರೋವರದ ದಡದಲ್ಲಿರಬಹುದಲ್ಲವೆ? ಕೆಲವು ವರ್ಷಗಳ ಹಿಂದೆ ಇಬ್ಬರು ಸ್ನೇಹಿತರೊಡನೆ ಅಲ್ಲಿಗೆ ಹೊರಟಾಗ ನಾವು ಇಷ್ಟು ಒರಟಾದ ಲೆಕ್ಕವನ್ನೇನೂ ಮಾಡಲಿಲ್ಲ. ಆದರೂ ನಮ್ಮ ಲೆಕ್ಕದಲ್ಲಿ ಒಂದು ದೊಡ್ಡ ತಪ್ಪು ಉಳಿದಿತ್ತು. ಅದು ಯಾವುದೆಂಬುದನ್ನು ಲೇಖನದ ಕೊನೆಗೆ ಹೇಳುವೆವು. ಓದುಗರು ಅಷ್ಟರೊಳಗೆ ತಾವೇ ಕಂಡುಹಿಡಿದರೆ ಸಂತೋಷ.

ಮೊದಲು ಸ್ಥಳದ ಪರಿಚಯ. ಉತ್ತರಾಖಂಡದ ಚಮೋಲಿ ಜಿಲ್ಲೆಯಲ್ಲಿ, ಅಲಕನಂದಾ ನದಿಯ ದಡದಲ್ಲಿ, ಗೋವಿಂದಘಾಟ್ ಎಂಬ ಊರಿದೆ. ಸಮುದ್ರಮಟ್ಟದಿಂದ ಅದರ ಎತ್ತರ ಸುಮಾರು 1800 ಮೀಟರು. ಅಲ್ಲಿಂದ ಕಣಿವೆಯನ್ನು ಹಿಡಿದು ಮೇಲೇರಿದರೆ 3050 ಮೀಟರು ಎತ್ತರದ ಘಾಂಗರಿಯಾ ಸಿಕ್ಕುತ್ತದೆ. ಅದನ್ನು ದಾಟಿದ ಮೇಲೆ ದಾರಿ ಎರಡಾಗುತ್ತದೆ: ಒಂದು ಪ್ರಸಿದ್ಧವಾದ ಹೂಗಳ ಕಣಿವೆಗೆ, ಇನ್ನೊಂದು ಹೇಮಕುಂಡಕ್ಕೆ. ಸರೋವರವಿರುವುದು 4000 ಮೀಟರಿಗೂ ಮೇಲೆ. ಹಿಂದೊಂದು ಕಾಲದಲ್ಲಿ ಹಿಮನದಿಯು ಬಂಡೆಯನ್ನು ಉಜ್ಜಿ ಕೊರೆದ ಬಟ್ಟಲಿನಲ್ಲಿ ಹಿಮ ಕರಗಿದ ನೀರು ನಿಂತು ಆದ ಕೊಳ ಅದು. ದಡದಲ್ಲಿ ಸಿಖ್ಖರ ಗುರುದ್ವಾರವೂ ಲಕ್ಷ್ಮಣನ ಗುಡಿಯೂ ಇವೆ. ಚಳಿಗಾಲದಲ್ಲಿ ಎಲ್ಲವೂ ಹಿಮದಡಿ ಹೂತಿರುವುದರಿಂದ ಯಾತ್ರೆಯು ಸಾಮಾನ್ಯವಾಗಿ ಮೇ ತಿಂಗಳ ಕೊನೆಯಿಂದ ಅಕ್ಟೋಬರಿನ ಮೊದಲ ಭಾಗದವರೆಗೆ ಮಾತ್ರ ನಡೆಯುತ್ತದೆ. ಹಗ್ಗವಾಗಲಿ ಹಿಮಗೊಡಲಿಯಾಗಲಿ ಬೇಕಿಲ್ಲ. ಕಲ್ಲು ಹಾಸಿದ ದಾರಿಯಿದೆ. ಆದರೆ ಮೇಲೆ ರಾತ್ರಿ ತಂಗಲು ಅವಕಾಶವಿಲ್ಲ. ಆದುದರಿಂದ ಹೋಗಿ ಬರುವ ಕೆಲಸವೆಲ್ಲ ಒಂದೇ ಹಗಲಿನಲ್ಲಿ ಮುಗಿಯಬೇಕು.

ಇನ್ನು ಕಾಲದ ಲೆಕ್ಕ. 1892ರಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ ಎಂಬುವರು ಒಂದು ಸರಳ ಸೂತ್ರವನ್ನು ಕೊಟ್ಟರು. ಅದನ್ನು ಇಂದಿನ ಅಳತೆಗಳಲ್ಲಿ ಹೇಳುವುದಾದರೆ, 5 ಕಿಲೋಮೀಟರು ದೂರಕ್ಕೆ ಒಂದು ಗಂಟೆ. ಅದಲ್ಲದೆ, ಏರಬೇಕಾದ ಪ್ರತಿ 600 ಮೀಟರು ಎತ್ತರಕ್ಕೆ ಇನ್ನೊಂದು ಗಂಟೆ. ನಮ್ಮ ದಾರಿಯಲ್ಲಿ ಏರು 1100 ಮೀಟರೆಂದು ಇಟ್ಟುಕೊಳ್ಳೋಣ. ದೂರಕ್ಕೆ 1 ಗಂಟೆ 12 ನಿಮಿಷ, ಏರಿಗೆ 1 ಗಂಟೆ 50 ನಿಮಿಷ. ಒಟ್ಟು ಸುಮಾರು 3 ಗಂಟೆ. ಆದರೆ ಈ ಸೂತ್ರವು ಹುಟ್ಟಿದ್ದು ಸ್ಕಾಟ್ಲೆಂಡಿನ ತಗ್ಗು ಬೆಟ್ಟಗಳಲ್ಲಿ. ಹಿಮಾಲಯದಲ್ಲಿ ಗಾಳಿಯೇ ಬೇರೆ.

ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಕಡಮೆಯಾಗುವುದೆಂಬುದನ್ನು ಪ್ರಯೋಗದಿಂದ ತೋರಿಸಿದುದೂ ಒಂದು ದಿನದ ಬೆಟ್ಟದ ನಡಿಗೆಯೇ ಎಂಬುದನ್ನು ಇಲ್ಲಿ ನೆನೆಯಬಹುದು. 1648ರ ಸೆಪ್ಟೆಂಬರ್ 19ರಂದು, ಫ್ರಾನ್ಸಿನ ಪಾಸ್ಕಲನ ಸೂಚನೆಯಂತೆ, ಅವನ ಭಾವನಾದ ಪೆರಿಯೇ ಎಂಬುವನು ಪಾದರಸದ ನಳಿಗೆಯನ್ನು ಹೊತ್ತು ಪ್ಯೂ-ದ-ದೋಮ್ ಎಂಬ ಬೆಟ್ಟವನ್ನೇರಿದನು. ಏರು ಸುಮಾರು 1000 ಮೀಟರು. ಶಿಖರದಲ್ಲಿ ಪಾದರಸದ ಮಟ್ಟವು ಸುಮಾರು 8.5 ಸೆಂಟಿಮೀಟರು ಇಳಿದಿತ್ತು. ಕೆಳಗೆ ಇರಿಸಿದ್ದ ಇನ್ನೊಂದು ನಳಿಗೆಯಲ್ಲಿ ದಿನವೆಲ್ಲ ಏನೂ ಬದಲಾವಣೆ ಇರಲಿಲ್ಲ.

ಅದೇ ಅಳತೆಗೋಲನ್ನು ನಮ್ಮ ದಾರಿಗೆ ಹಿಡಿಯೋಣ. ಸಮುದ್ರಮಟ್ಟದಲ್ಲಿ ಗಾಳಿಯು 76 ಸೆಂಟಿಮೀಟರು ಪಾದರಸವನ್ನು ಹೊರುತ್ತದೆ. ಬೆಂಗಳೂರಿನಲ್ಲಿ ಸುಮಾರು 68. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಮೇಲೆ ಸುಮಾರು 60. ಘಾಂಗರಿಯಾದಲ್ಲಿ ಸುಮಾರು 52. ಹೇಮಕುಂಡದಲ್ಲಿ ಸುಮಾರು 45. ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲೆಡೆಯೂ ಐದರಲ್ಲಿ ಒಂದರಷ್ಟೇ. ಆದರೆ ಗಾಳಿಯೇ ತೆಳುವಾದ ಮೇಲೆ ಆ ಪಾಲೂ ಕಿರಿದಾಗುತ್ತದೆ. ಬೆಂಗಳೂರಿನವನು ಮನೆಯಲ್ಲಿ ಒಂದು ಉಸಿರಿಗೆ ಪಡೆಯುವ ಆಮ್ಲಜನಕದ ಮೂರರಲ್ಲಿ ಎರಡು ಭಾಗ ಮಾತ್ರ ಅವನಿಗೆ ಸರೋವರದ ದಡದಲ್ಲಿ ದೊರೆಯುವುದು. ಆದುದರಿಂದ ನೈಸ್ಮಿತರ 3 ಗಂಟೆಯನ್ನು ನಾಲ್ಕೂವರೆ ಎಂದು ಎಣಿಸುವುದು ಲೇಸು. ವಿಶ್ರಾಂತಿಗೆ ಅರ್ಧ ಗಂಟೆ ಸೇರಿಸಿದರೆ 5 ಗಂಟೆ.

ಏರುವಾಗ ದೇಹವು ಮಾಡುವ ಕೆಲಸವನ್ನೂ ಅಳೆಯಬಹುದು. ಮೈಭಾರ 60 ಕಿಲೋಗ್ರಾಂ, ಹೊರೆ 5. ಈ 65 ಕಿಲೋಗ್ರಾಮನ್ನು 1100 ಮೀಟರು ಎತ್ತಲು ಬೇಕಾದ ಶಕ್ತಿ ಸುಮಾರು 7 ಲಕ್ಷ ಜೂಲ್, ಎಂದರೆ 167 ಕಿಲೋಕ್ಯಾಲೊರಿ. ಆದರೆ ಸ್ನಾಯುವು ತಾನು ಉರಿಸಿದ ಶಕ್ತಿಯಲ್ಲಿ ಹೆಚ್ಚೆಂದರೆ ನಾಲ್ಕರಲ್ಲಿ ಒಂದು ಭಾಗವನ್ನು ಮಾತ್ರ ಕೆಲಸಕ್ಕೆ ತಿರುಗಿಸಬಲ್ಲುದು. ಉಳಿದ ಮೂರು ಭಾಗ ಶಾಖವಾಗುವುದು. ಚಳಿಯಲ್ಲಿಯೂ ಏರುವವನು ಬೆವರುವುದು ಇದರಿಂದಲೇ. ಕುಳಿತೊಡನೆ ಶಾಖವು ಹುಟ್ಟುವುದು ಕಡಮೆಯಾಗುತ್ತದೆ, ಆದರೆ ಬೆವರು ಆರುತ್ತಲೇ ಇರುತ್ತದೆ; ಒಂದೊಂದು ಗ್ರಾಂ ಬೆವರು ಆವಿಯಾಗುವಾಗ ಸುಮಾರು 580 ಕ್ಯಾಲೊರಿ ಶಾಖವನ್ನು ಮೈಯಿಂದ ಸೆಳೆದುಕೊಳ್ಳುತ್ತದೆ. ಮೇಲಾಗಿ, ಸಾವಿರ ಮೀಟರು ಏರಿದರೆ ಗಾಳಿಯ ಉಷ್ಣತೆ ಸುಮಾರು ಆರೂವರೆ ಡಿಗ್ರಿ ತಗ್ಗುತ್ತದೆ. ಆದುದರಿಂದ ನಡೆಯುವಾಗ ಬಟ್ಟೆ ಕಡಮೆ, ಕೂರುವ ಮೊದಲೇ ಉಣ್ಣೆಯಂಗಿ. ನೆನೆದರೆ ಬೇಗ ಆರದ ಹತ್ತಿಯ ಬಟ್ಟೆ ಮೈಗೆ ತಗುಲಿಕೊಂಡಿರಬಾರದು. ಹಸಿವಾಗುವ ಮೊದಲು ಬೆಲ್ಲ, ಕಡಲೆಬೀಜ. ಬಾಯಾರುವ ಮೊದಲು ನೀರು.

ಈಗ ಎಲ್ಲಕ್ಕಿಂತ ಮುಖ್ಯವಾದ ಲೆಕ್ಕ. ಅದನ್ನು ಬೆಳಗಿನಿಂದ ಆರಂಭಿಸಬಾರದು, ಸಂಜೆಯಿಂದ ಹಿಂದಕ್ಕೆ ಮಾಡಬೇಕು. ಬಿಸಿಲೇರಿದಂತೆ ಕಣಿವೆಯ ಗಾಳಿಯು ಇಳಿಜಾರುಗಳನ್ನು ಹತ್ತಿ ಮೇಲೆ ತಣಿದು ಮೋಡವಾಗುವುದರಿಂದ ಮಧ್ಯಾಹ್ನದ ಮೇಲೆ ಮಂಜು, ಮಳೆಗಳ ಭಯ ಹೆಚ್ಚು. 4 ಗಂಟೆಗೆ ಘಾಂಗರಿಯಾದಲ್ಲಿರಬೇಕು ಎನ್ನೋಣ. ಇಳಿಯಲು 3 ಗಂಟೆ. ಅಲ್ಲಿಗೆ ಸರೋವರವನ್ನು ಬಿಡಬೇಕಾದುದು 1 ಗಂಟೆಗೆ. ದಡದಲ್ಲಿ ಒಂದು ಗಂಟೆ ಬೇಕಾದರೆ 12 ಗಂಟೆಗೆ ಸೇರಿರಬೇಕು. ಏರಲು 5 ಗಂಟೆ, ಅನಿರೀಕ್ಷಿತಕ್ಕೆ ಒಂದು ಗಂಟೆ; ಆದುದರಿಂದ ಹೊರಡುವುದು 6ಕ್ಕೆ. 12 ಗಂಟೆಗೆ ಎಲ್ಲಿದ್ದರೆ ಅಲ್ಲಿಂದಲೇ ಹಿಂದಿರುಗಬೇಕು. ಈ ನಿಶ್ಚಯವನ್ನು ಹಿಂದಿನ ರಾತ್ರಿಯೇ ಮಾಡತಕ್ಕದ್ದು. ಕೊಳವು ಕೂಗಳತೆಯಲ್ಲಿರುವಾಗ ಮಾಡಹೊರಟರೆ ಬುದ್ಧಿಯ ಮಾತನ್ನು ಆಸೆಯು ಕೇಳಗೊಡದು.

ಇಷ್ಟನ್ನೂ ನಾವು ಮಾಡಿದ್ದೆವು. ತಪ್ಪಿದ್ದು ಎಲ್ಲಿ? ಗೋವಿಂದಘಾಟಿನಿಂದ ಘಾಂಗರಿಯಾಕ್ಕೆ ಸಾವಿರದ ಇನ್ನೂರು ಮೀಟರಿಗೂ ಹೆಚ್ಚಿನ ಎತ್ತರವನ್ನು ಒಂದೇ ದಿನದಲ್ಲಿ ಏರಿ, ಒಂದೇ ರಾತ್ರಿ ಮಲಗಿ, ಮರುದಿನವೇ ಸರೋವರಕ್ಕೆ ಹೊರಟಿದ್ದೆವು. ಗಡಿಯಾರಕ್ಕೆ ಕೊಟ್ಟ ಬಿಡುವನ್ನು ರಕ್ತಕ್ಕೆ ಕೊಡಲಿಲ್ಲ. ತೆಳುಗಾಳಿಗೆ ಒಗ್ಗಲು ದೇಹಕ್ಕೆ ದಿನಗಳು ಬೇಕು. ಹತ್ತೂವರೆಯ ಸುಮಾರಿಗೆ ನಮ್ಮ ಸ್ನೇಹಿತರಲ್ಲೊಬ್ಬರಿಗೆ ತಲೆನೋವು ಹಿಡಿಯಿತು. ಸ್ವಲ್ಪ ಹೊತ್ತಿನಲ್ಲಿ ವಾಂತಿಯೂ ಆಯಿತು. ಸರೋವರಕ್ಕೆ ಇನ್ನು ಒಂದು ಕಿಲೋಮೀಟರು ಉಳಿದಿತ್ತು. “ಇಷ್ಟು ದೂರ ಬಂದು ನೋಡದೆ ಹೋಗುವುದೆ? ನೀವಿಬ್ಬರೂ ಹೋಗಿಬನ್ನಿ, ನಾನು ಇಲ್ಲಿಯೇ ಕುಳಿತಿರುತ್ತೇನೆ” ಎಂದರು ಅವರು. ಎತ್ತರದ ಬೇನೆಗೆ ಖಚಿತವಾದ ಮದ್ದು ಇಳಿಯುವುದೇ. ಕುಳಿತಿದ್ದಾಗಲೂ ಏದುಸಿರು, ನಡೆಯಲು ತೂರಾಟ ಕಂಡರಂತೂ ಒಂದು ಕ್ಷಣವೂ ತಡಮಾಡಲಾಗದು, ಪ್ರಾಣಕ್ಕೇ ಅಪಾಯ. ಬೇನೆಯಾದವರನ್ನು ಒಬ್ಬರೇ ಬಿಡುವುದೂ ಸಲ್ಲದು. ಮೂವರೂ ಇಳಿದೆವು. ಘಾಂಗರಿಯಾ ಸೇರುವಷ್ಟರಲ್ಲಿ ಅವರ ಮುಖಕ್ಕೆ ಕಳೆ ಬಂದಿತ್ತು. ತರಗತಿಯಲ್ಲಿ ಪೆರಿಯೇಯ ಪ್ರಯೋಗವನ್ನು ವರ್ಷ ವರ್ಷವೂ ವಿವರಿಸುವ ನಾವು, ಆ ಪಾದರಸದ ಇಳಿತವು ನಮ್ಮ ಮೈಗೂ ಅನ್ವಯಿಸುವುದೆಂಬುದನ್ನು ಮರೆತಿದ್ದೆವು.

ಸರಿಯಾದ ಯೋಜನೆ ಸುಲಭವಾದುದು. ಘಾಂಗರಿಯಾದಲ್ಲಿ ಎರಡು ರಾತ್ರಿ ತಂಗಿ, ನಡುವಣ ದಿನ ಹೂಗಳ ಕಣಿವೆಯಲ್ಲಿ ಮೆಲ್ಲನೆ ತಿರುಗಾಡಿ, ಮೂರನೆಯ ದಿನ ಹೇಮಕುಂಡಕ್ಕೆ ಹೊರಡುವುದು. ಹೃದಯ, ಶ್ವಾಸಕೋಶಗಳ ತೊಂದರೆಯಿರುವವರು ಮೊದಲೇ ವೈದ್ಯರನ್ನು ಕೇಳುವುದು. ಮರುವರ್ಷ ಹೀಗೆಯೇ ಮಾಡಿದೆವು. ಅದೇ ಸ್ನೇಹಿತರು ಹನ್ನೊಂದು ಗಂಟೆಗೆ ನಮಗಿಂತ ಮೊದಲು ದಡವನ್ನು ಸೇರಿ, ಗುರುದ್ವಾರದಲ್ಲಿ ಕೊಟ್ಟ ಬಿಸಿ ಚಹದ ಲೋಟವನ್ನು ಹಿಡಿದು ನಮ್ಮನ್ನು ಕಾಯುತ್ತಿದ್ದರು.