ಹಲ್ಲಿನ ಕಲೆ, ಬೆನ್ನಿನ ಬಿಗಿತ ಮತ್ತು ಕುಡಿಯುವ ನೀರು

ಬೆಳಗಿನ ಪ್ರಾರ್ಥನೆಯಾದ ಮೇಲೆ ಮಕ್ಕಳ ಉಗುರು, ಕೂದಲು, ಹಲ್ಲುಗಳ ಶುಚಿಯನ್ನು ನೋಡುವುದು ಉಪಾಧ್ಯಾಯರ ಕರ್ತವ್ಯಗಳಲ್ಲೊಂದು. ಹಲವು ವರ್ಷಗಳ ಹಿಂದೆ ಹೀಗೆ ನೋಡುತ್ತಿದ್ದಾಗ, ಹಲ್ಲುಗಳ ಮೇಲೆ ಕಂದು ಪಟ್ಟೆಗಳಿದ್ದ ಬಾಲಕನೊಬ್ಬನನ್ನು ಹಲ್ಲುಜ್ಜದ ಸೋಮಾರಿಯೆಂದು ಎಲ್ಲರೆದುರಿಗೆ ಗದರಿಸಿದೆವು. ಮರುದಿನ ಅವನು ಇದ್ದಿಲಿನಿಂದ ತಿಕ್ಕಿ ತಿಕ್ಕಿ ಒಸಡಿನಲ್ಲಿ ರಕ್ತ ಬರಿಸಿಕೊಂಡು ಬಂದು ನಿಂತನು. ಪಟ್ಟೆಗಳು ಮಾತ್ರ ಇದ್ದಂತೆಯೇ ಇದ್ದುವು. ಅವನ ತಂದೆ ನಮ್ಮನ್ನು ಕಾಣಲು ಬಂದರು. ಇನ್ನೂ ನಲವತ್ತು ದಾಟದ ರೈತರು. ಹೆಗಲಿನಿಂದ ಜಾರಿದ ವಲ್ಲಿಯನ್ನು ಎತ್ತಿಕೊಳ್ಳಲು ಬೆನ್ನು ಬಾಗದೆ, ಗೋಡೆ ಹಿಡಿದು ಮೆಲ್ಲನೆ ಕುಳಿತರು. ಮಗನ ಹಲ್ಲಿಗೂ ತಂದೆಯ ಬೆನ್ನಿಗೂ ಕಾರಣವೊಂದೇ ಇರಬಹುದೆಂದು ನಮಗೆ ಆಗ ಹೊಳೆಯಲಿಲ್ಲ. ಅವರ ಕೊಳವೆಬಾವಿಯ ನೀರನ್ನು ಪರೀಕ್ಷೆ ಮಾಡಿಸಿದಾಗ ಮಾತ್ರ ವಿಷಯ ಸ್ಪಷ್ಟವಾಯಿತು.

ಆ ಕಾರಣದ ಹೆಸರು ಫ್ಲೋರೈಡ್. ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳ ನೆಲದಡಿಯ ಕಗ್ಗಲ್ಲುಗಳಲ್ಲಿ ಫ್ಲೋರೈಡ್ ಉಳ್ಳ ಖನಿಜಗಳಿವೆ. ಬಂಡೆಯ ಬಿರುಕುಗಳಲ್ಲಿ ದೀರ್ಘಕಾಲ ನಿಂತ ನೀರು ಅದನ್ನು ಕರಗಿಸಿಕೊಳ್ಳುತ್ತದೆ. ಕುಡಿಯುವ ನೀರಿನಲ್ಲಿ ಇದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು ವಿಧಿಸಿದೆ. ಈ ಸೀಮೆಯ ಅನೇಕ ಬಾವಿಗಳಲ್ಲಿ ಪ್ರಮಾಣವು ಅದಕ್ಕಿಂತ ಹೆಚ್ಚಾಗಿರುತ್ತದೆ. ಈ ನೀರಿಗೆ ಬಣ್ಣವಾಗಲಿ ವಾಸನೆಯಾಗಲಿ ಇಲ್ಲದಿರುವುದರಿಂದ ನೋಡಿ ತಿಳಿಯುವುದು ಅಸಾಧ್ಯ.

ಹಲ್ಲುಗಳು ದವಡೆಯೊಳಗೆ ರೂಪುಗೊಳ್ಳುವ ಕಾಲದಲ್ಲಿ, ಎಂದರೆ ಸುಮಾರು 8 ವರ್ಷದೊಳಗೆ, ಫ್ಲೋರೈಡ್ ಹೆಚ್ಚಾದರೆ ಅವುಗಳ ಹೊರಕವಚವು ಕೆಡುತ್ತದೆ. ಆ ಕಲೆಯು ಹಲ್ಲಿನೊಳಗಣದ್ದು, ಉಜ್ಜಿದರೆ ಹೋಗತಕ್ಕದ್ದಲ್ಲ. ಅದೇ ನೀರನ್ನು ಅನೇಕ ವರ್ಷ ಕುಡಿದವರಿಗೆ ಮೂಳೆಗಳು ದಪ್ಪವಾಗಿ, ಕೀಲುಗಳ ಸುತ್ತಣ ಬಂಧಗಳು ಗಡುಸಾಗಿ, ಬೆನ್ನೂ ಕತ್ತೂ ಬಿಗಿಯುತ್ತವೆ. 1937ರಲ್ಲಿ ಡಾಕ್ಟರ್ ಷಾರ್ಟ್ ಮತ್ತು ಅವರ ಸಹೋದ್ಯೋಗಿಗಳು ಅಂದಿನ ಮದರಾಸು ಪ್ರಾಂತದ ನೆಲ್ಲೂರು ಸೀಮೆಯಲ್ಲಿ ಇಂಥ ರೋಗಿಗಳನ್ನು ಪರೀಕ್ಷಿಸಿ ಈ ವ್ಯಾಧಿಯನ್ನು ಲೋಕಕ್ಕೆ ತಿಳಿಯಪಡಿಸಿದರು.

ಈ ಬಿಗಿತವನ್ನು ಗುರುತಿಸಲು ವೈದ್ಯರು ಬಳಸುವ ಮೂರು ಸುಲಭ ಪರೀಕ್ಷೆಗಳು ನಮ್ಮ ಕವಾಯತಿನ ಅಂಗಸಾಧನೆಗಳಂತೆಯೇ ಇವೆ. ಮೊದಲನೆಯದು, ಮೊಣಕಾಲು ಮಡಿಸದೆ ಬಾಗಿ ಕಾಲ್ಬೆರಳನ್ನು ಮುಟ್ಟುವುದು. ಎರಡನೆಯದು, ಗದ್ದವನ್ನು ಎದೆಗೆ ತಾಗಿಸುವುದು. ಮೂರನೆಯದು, ತೋಳುಗಳನ್ನು ಚಾಚಿ, ಮಡಿಸಿ, ಅಂಗೈಗಳನ್ನು ತಲೆಯ ಹಿಂದೆ ಇಡುವುದು. ಇವು ಆಗದಿದ್ದ ಮಾತ್ರಕ್ಕೆ ವ್ಯಾಧಿಯುಂಟೆಂದು ನಿರ್ಣಯಿಸಲಾಗದು. ಬೇರೆ ಕಾರಣಗಳೂ ಇರಬಹುದು. ನೀರು, ಮೂತ್ರ, ಕ್ಷಕಿರಣ ಚಿತ್ರಗಳನ್ನು ನೋಡಿ ಹೇಳತಕ್ಕವರು ವೈದ್ಯರು. ಆದರೆ ಮೊದಲ ಸಂಶಯಕ್ಕೆ ಇಷ್ಟು ಸಾಕು.

ಇನ್ನೊಂದು ಮಾತು. ಓಡುವ ಹುಡುಗನೂ ಬಿಸಿಲಿನಲ್ಲಿ ದುಡಿಯುವ ರೈತನೂ ಹೆಚ್ಚು ಬೆವರುತ್ತಾರೆ. ಹೆಚ್ಚು ನೀರು ಕುಡಿಯುತ್ತಾರೆ. ನೀರು ಕೆಟ್ಟದ್ದಾದರೆ ಶ್ರಮಪಡುವವನ ದೇಹಕ್ಕೇ ಫ್ಲೋರೈಡ್ ಹೆಚ್ಚಾಗಿ ಸೇರುತ್ತದೆ. ಹಾಗೆಂದು ನೀರು ಕಡಿಮೆ ಕುಡಿಯಬಾರದು. ಒಳ್ಳೆಯ ನೀರು ಕುಡಿಯಬೇಕು.

ಒಳ್ಳೆಯ ನೀರು ನಮಗೆ ದೂರವಿಲ್ಲ. ಹೊಗೆಯಂತೆ ತುಂತುರು ಏಳುವ ಕಲ್ಲೆಂದು ಕನ್ನಡದಲ್ಲಿಯೇ ಹೆಸರು ಪಡೆದ ಹೊಗೆನಕಲ್ಲಿನಲ್ಲಿ ಕಾವೇರಿ ಧುಮುಕುತ್ತಾಳೆ. ಹರಿಯುವ ಹೊಳೆಯ ನೀರಿನಲ್ಲಿ ಫ್ಲೋರೈಡ್ ಅಲ್ಪ. ಅದನ್ನು ಶುದ್ಧಿಗೊಳಿಸಿ ಎರಡು ಜಿಲ್ಲೆಗಳಿಗೂ ಕೊಳಾಯಿಗಳ ಮೂಲಕ ಹಂಚುವ ಯೋಜನೆಯು ಜಪಾನಿನ ಸಾಲದ ನೆರವಿನಿಂದ ನಿರ್ಮಿತವಾಗಿ 2013ರಲ್ಲಿ ಉದ್ಘಾಟನೆಯಾಯಿತು. ಫ್ಲೋರೈಡ್ ವ್ಯಾಧಿಯ ನಿವಾರಣೆಯೇ ಅದರ ಘೋಷಿತ ಉದ್ದೇಶ. ಆದರೆ ಅಭ್ಯಾಸಬಲದಿಂದ ಕೊಳವೆಬಾವಿಯ ನೀರನ್ನೇ ಕುಡಿದರೆ ಪ್ರಯೋಜನವೇನು?

ಆದುದರಿಂದ ವಿದ್ಯಾರ್ಥಿಗಳು ಮನೆಯಲ್ಲಿ ಈ ಸಂಗತಿಗಳನ್ನು ತಿಳಿಸತಕ್ಕದ್ದು. ಕುಡಿಯುವುದಕ್ಕೂ ಅಡಿಗೆಗೂ ಹೊಳೆಯ ನೀರನ್ನೇ ಉಪಯೋಗಿಸಬೇಕು. ಬಾವಿಯ ನೀರು ಸ್ನಾನಕ್ಕೂ ಬಟ್ಟೆ ಒಗೆಯುವುದಕ್ಕೂ ಆಗಬಹುದು. ಕಾಯಿಸಿದರೆ ಫ್ಲೋರೈಡ್ ಹೋಗದು. ನೀರು ಆವಿಯಾದಷ್ಟೂ ಅದು ಸಾಂದ್ರವಾಗುತ್ತದೆ. ಸುಣ್ಣದ ಅಂಶವುಳ್ಳ ರಾಗಿ, ಹಾಲು, ಸೊಪ್ಪುಗಳೂ, ನೆಲ್ಲಿಕಾಯಿಯೂ ಆಹಾರದಲ್ಲಿರಲಿ. ಬಸುರಿಯರಿಗೂ ಎಳೆಯ ಮಕ್ಕಳಿಗೂ ಒಳ್ಳೆಯ ನೀರು ಮೊದಲು ದೊರೆಯಲಿ.

ಉಪಾಧ್ಯಾಯ ಮಿತ್ರರಲ್ಲಿಯೂ ಒಂದು ಬಿನ್ನಹ: ಕಲೆಯಾದ ಹಲ್ಲನ್ನು ಕಂಡೊಡನೆ ಮಗುವನ್ನು ಗದರಿಸಬೇಡಿ, ಅದರ ಮನೆಯವರು ಯಾವ ನೀರು ಕುಡಿಯುತ್ತಾರೆಂದು ವಿಚಾರಿಸಿ. ಅಂದು ನಾವು ಕೇಳಬೇಕಾಗಿದ್ದುದೂ ಇದನ್ನೇ.