ಮಳೆಯ ಅನಿಶ್ಚಯವೂ ಬೆಳೆಯ ಲಾಭನಷ್ಟದ ಲೆಕ್ಕವೂ

ಖುಷ್ಕಿ ಜಮೀನಿನ ಹುಟ್ಟುವಳಿಯು ವರ್ಷದಿಂದ ವರ್ಷಕ್ಕೆ ಬೇರೆಬೇರೆಯಾಗುವುದೆಂಬುದು ಪಟೇಲರಿಗೂ ಹಿಡುವಳಿದಾರರಿಗೂ ಹೊಸದಾಗಿ ಹೇಳತಕ್ಕ ವಿಷಯವಲ್ಲ. ಬಿತ್ತನೆಯ ದಿನ ಆ ವರ್ಷದ ಆದಾಯ ಇಷ್ಟೇ ಎಂದು ಯಾರೂ ಹೇಳಲಾರರು. ಆದರೂ ಹತ್ತು ವರ್ಷಗಳಲ್ಲಿ ಮಳೆಯು ಸುಮಾರು ಎಷ್ಟು ಸಲ ತಪ್ಪುವುದೆಂಬುದನ್ನು ಅನುಭವಸ್ಥನಾದ ಯಜಮಾನನು ಬಲ್ಲನು. ಹೀಗೆ ಯಾವ ಮೊತ್ತವು ಬರುವುದೆಂದು ಮೊದಲೇ ಗೊತ್ತಿಲ್ಲದೆ, ಒಂದೊಂದು ಮೊತ್ತವೂ ಬರುವ ಸಂಭವವು ಮಾತ್ರ ಗೊತ್ತಿರುವುದನ್ನು ಗಣಿತಜ್ಞರು ಯಾದೃಚ್ಛಿಕ ಚರವೆಂದು ಕರೆಯುವರು. ಆಯಾ ಮೊತ್ತವನ್ನು ಅದರ ಸಂಭವದಿಂದ ಗುಣಿಸಿ, ಬಂದುದನ್ನೆಲ್ಲ ಕೂಡಿಸಿದರೆ ದೊರೆಯುವುದೇ ನಿರೀಕ್ಷಿತ ಮೌಲ್ಯ. ನಡುವೆ ನಿಂತುಹೋದ ಜೂಜಿನ ಪಣವನ್ನು ನ್ಯಾಯವಾಗಿ ಹಂಚುವ ಬಗೆಯನ್ನು ಕುರಿತು ಫ್ರಾನ್ಸ್ ದೇಶದ ಪಾಸ್ಕಲ್ ಮತ್ತು ಫರ್ಮಾ ಎಂಬ ಪಂಡಿತರು 1654ರಲ್ಲಿ ಬರೆದುಕೊಂಡ ಪತ್ರಗಳಿಂದ ಈ ಲೆಕ್ಕವು ಬೆಳೆದುಬಂದಿತು. ಜೂಜಿನಲ್ಲಿ ಹುಟ್ಟಿದ ವಿದ್ಯೆಯೆಂದು ಇದನ್ನು ಹೀನವಾಗಿ ಎಣಿಸಬೇಕಾದುದಿಲ್ಲ. ಮಳೆಯನ್ನು ನಂಬಿ ಬಿತ್ತುವವನು ಒಡ್ಡುವ ಪಣವು ಜೂಜುಕೋರನದಕ್ಕಿಂತ ದೊಡ್ಡದು.

ಒಂದು ಎಕರೆ ಕೆಂಪು ಮಣ್ಣಿನ ಹೊಲಕ್ಕೆ ರಾಗಿಯನ್ನು ಹಾಕಬೇಕೆ, ಕಡಲೆಕಾಯಿಯನ್ನು ಹಾಕಬೇಕೆ ಎಂಬ ಪ್ರಶ್ನೆಯನ್ನು ತೆಗೆದುಕೊಳ್ಳಬಹುದು. ಹತ್ತು ವರ್ಷಗಳಲ್ಲಿ 5 ವರ್ಷ ಒಳ್ಳೆಯ ಮಳೆ, 3 ವರ್ಷ ಸಾಧಾರಣ ಮಳೆ, 2 ವರ್ಷ ಬರಗಾಲ ಎಂದಿಟ್ಟುಕೊಳ್ಳುವುದು. ಖರ್ಚು ಕಳೆದು ರಾಗಿಯಲ್ಲಿ ಕ್ರಮವಾಗಿ 10,000 ರೂಪಾಯಿ ಲಾಭ, 6,000 ರೂಪಾಯಿ ಲಾಭ, 2,000 ರೂಪಾಯಿ ನಷ್ಟ. ಕಡಲೆಕಾಯಿಯಲ್ಲಿ 18,000 ಲಾಭ, 2,000 ಲಾಭ, 12,000 ನಷ್ಟ ಎಂದು ಭಾವಿಸುವುದು. ಈ ಅಂಕಿಗಳು ಲೆಕ್ಕದ ರೀತಿಯನ್ನು ತೋರಿಸುವುದಕ್ಕಾಗಿ ಕಲ್ಪಿಸಿದವು. ಪ್ರತಿಯೊಬ್ಬರೂ ತಮ್ಮ ತಮ್ಮ ಹೊಲದ ಅಂಕಿಗಳನ್ನು ಹಾಕಿಕೊಳ್ಳಬೇಕು. ರಾಗಿಗೆ 5,000 ಮತ್ತು 1,800 ಕೂಡಿ, 400 ಕಳೆದು, 6,400 ರೂಪಾಯಿ ನಿರೀಕ್ಷಿತ ಲಾಭ. ಕಡಲೆಕಾಯಿಗೆ 9,000 ಮತ್ತು 600 ಕೂಡಿ, 2,400 ಕಳೆದು, 7,200 ರೂಪಾಯಿ.

ಇಷ್ಟನ್ನೇ ನೋಡಿ ಕಡಲೆಕಾಯಿಯೇ ಮೇಲೆಂದು ತೀರ್ಮಾನಿಸುವುದು ಅವಸರದ ಮಾತು. 7,200 ರೂಪಾಯಿ ಎಂಬುದು ಯಾವ ಒಂದು ವರ್ಷದಲ್ಲಿಯೂ ಕೈಗೆ ಬರುವ ಹಣವಲ್ಲ. ಬಹುಕಾಲ ಬೆಳೆದವನಿಗೆ ಒದಗುವ ಸರಾಸರಿ. ಅಷ್ಟು ಕಾಲ ತಾಳುವ ಶಕ್ತಿ ಇರುವವನಿಗೆ ಮಾತ್ರ ಅದು ಸಲ್ಲುವುದು. ಒಂದು ವರ್ಷದ ಮಳೆಗೂ ಮುಂದಿನ ವರ್ಷದ ಮಳೆಗೂ ಸಂಬಂಧವಿಲ್ಲವೆಂದು ಇಟ್ಟುಕೊಂಡರೆ, ಐದು ವರ್ಷಗಳಲ್ಲಿ ಒಂದಾದರೂ ಬರಗಾಲ ಬರುವ ಸಂಭವವು ನೂರಕ್ಕೆ ಸುಮಾರು 67. ಸಾಲ ತಂದು ಬಿತ್ತಿದವನಿಗೆ ಮೊದಲನೆಯ ವರ್ಷವೇ 12,000 ರೂಪಾಯಿ ನಷ್ಟವಾದರೆ, ಬಡ್ಡಿ ಬೆಳೆದು ಹೊಲವೇ ಕೈಬಿಡಬಹುದು. ಆಮೇಲೆ ಬರುವ ಒಳ್ಳೆಯ ಮಳೆಯಿಂದ ಅವನಿಗೇನು ಪ್ರಯೋಜನ? ರಾಗಿಯಾದರೋ ಹಗೇವಿನಲ್ಲಿ ವರ್ಷಗಟ್ಟಲೆ ಕೆಡದೆ ನಿಲ್ಲುವುದು, ದನಗಳಿಗೆ ಹುಲ್ಲನ್ನೂ ಕೊಡುವುದು. ಹುಲ್ಲಿನ ಬೆಲೆಯನ್ನು ಲೆಕ್ಕದಲ್ಲಿ ಬಿಟ್ಟುಬಿಡುವ ತಪ್ಪನ್ನು ಬಲ್ಲವರೂ ಮಾಡುವರು.

ಇಂತಹ ನಷ್ಟಕ್ಕೆ ಬೆಳೆ ವಿಮೆಯು ಒಂದು ಪರಿಹಾರ. ಮೇಲಿನ ಉದಾಹರಣೆಯಲ್ಲಿ ಬರಗಾಲದ 12,000 ರೂಪಾಯಿ ನಷ್ಟವನ್ನು ಪೂರ್ತಿ ತುಂಬಿಕೊಡುವ ವಿಮೆಯ ಸರಿಯಾದ ಬೆಲೆಯು 2,400 ರೂಪಾಯಿ. ವಿಮೆಯವರ ಖರ್ಚು ಸೇರಿ ಕಂತು 2,700 ಆದರೆ ಸರಾಸರಿ ಲಾಭವು 6,900ಕ್ಕೆ ಇಳಿಯುವುದು; ಆದರೆ ಅತ್ಯಂತ ಕೆಟ್ಟ ವರ್ಷದ ನಷ್ಟವು 12,000ದಿಂದ 2,700ಕ್ಕೆ ಇಳಿಯುವುದು. ಮಳೆ ತಪ್ಪಿದಾಗ ಇಡೀ ಹೋಬಳಿಯೇ ನಷ್ಟಕ್ಕೊಳಗಾಗುವುದರಿಂದ ಒಂದು ಗ್ರಾಮದವರು ತಮ್ಮತಮ್ಮಲ್ಲೇ ಇದನ್ನು ನಡೆಸಲಾರರು. ಬಹು ವಿಸ್ತಾರವಾದ ಸೀಮೆ ಸೇರಬೇಕು. ಮಳೆಯ ಅಳತೆಯನ್ನು ಆಧರಿಸಿದ ಇಂತಹ ವಿಮೆಯ ಏರ್ಪಾಡನ್ನು ಮೈಸೂರು ಸಂಸ್ಥಾನದ ಜೆ. ಎಸ್. ಚಕ್ರವರ್ತಿಯವರು 1920ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ವಿವರಿಸಿದರು.

2016ರ ಮುಂಗಾರಿನಲ್ಲಿ ಪ್ರಾರಂಭವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯು ಮುಂಗಾರಿನ ಆಹಾರಧಾನ್ಯ ಮತ್ತು ಎಣ್ಣೆಕಾಳುಗಳಿಗೆ ರೈತನ ಕಂತನ್ನು ವಿಮೆಯ ಮೊತ್ತದಲ್ಲಿ ನೂರಕ್ಕೆ 2ಕ್ಕೆ ಮೀರದಂತೆ ಗೊತ್ತುಮಾಡಿತು. ಉಳಿದುದು ಸರ್ಕಾರಗಳ ಪಾಲು. 12,000 ರೂಪಾಯಿಗೆ ಇದು 240 ರೂಪಾಯಿ ಆಗುವುದು. ಆದರೆ ಇದರಲ್ಲಿ ಬರಗಾಲದ ಪರಿಹಾರವು ಒಬ್ಬನ ಹೊಲವನ್ನು ನೋಡಿ ಬರುವುದಲ್ಲ, ಗೊತ್ತಾದ ಪ್ರದೇಶದ ಸರಾಸರಿ ಇಳುವರಿಯನ್ನು ನೋಡಿ ಬರುವುದು. ಆ ಸರಾಸರಿಯು ಬೆಳೆ ಕಟಾವು ಪ್ರಯೋಗಗಳಿಂದ ನಿಷ್ಕರ್ಷೆಯಾಗುವುದರಿಂದ, ತಮ್ಮ ಗ್ರಾಮದಲ್ಲಿ ಕಟಾವು ನಡೆಯುವ ದಿನವನ್ನು ಗ್ರಾಮದ ಮುಖಂಡರು ಮೊದಲೇ ವಿಚಾರಿಸಿಕೊಂಡು, ಹೊಲದಲ್ಲಿ ನಿಂತು ತೂಕವನ್ನು ಕಣ್ಣಾರೆ ನೋಡುವುದು ಒಳ್ಳೆಯದು.