ಹಳೆಯ ಸಾಲ, ಹೊಸ ರುಜು

ಎಷ್ಟೋ ವರ್ಷದ ಹಿಂದಿನ ಬಾಕಿಗಾಗಿ ವಸೂಲಿಯವನು ಕಾಗದ ಹಿಡಿದು ಬಾಗಿಲಿಗೆ ಬಂದರೆ, ಹೆದರಿ ರುಜು ಮಾಡಬಾರದು. ಮೊದಲು ಸಾಲದ ತಾರೀಖು ನೋಡಬೇಕು.

1963ರ ಕಾಲಪರಿಮಿತಿ ಕಾಯಿದೆಯಂತೆ ಕೈಸಾಲದ ದಾವೆಗೆ 3 ವರ್ಷದ ಅವಧಿ. ಮನೆ, ಜಮೀನು ಅಡವಿಟ್ಟಿದ್ದರೆ 12 ವರ್ಷ. 2022ರ ಆಗಸ್ಟ್ 12ಕ್ಕೆ ತೀರಿಸಬೇಕಿದ್ದ ಕೈಸಾಲದ ಅವಧಿ 2025ರ ಆಗಸ್ಟ್ 12ಕ್ಕೆ ಮುಗಿಯಿತು. ಆದರೆ ಆ ಅವಧಿಯೊಳಗೆ ಸಾಲಗಾರನು ‘ಬಾಕಿ ಉಂಟು’ ಎಂದು ಬರೆದು ರುಜು ಹಾಕಿದ್ದರೆ, ಅಥವಾ ಸ್ವಲ್ಪ ಹಣ ಕಟ್ಟಿ ಅದಕ್ಕೆ ತನ್ನ ಕೈಬರಹವನ್ನೋ ರುಜುವನ್ನೋ ಕೊಟ್ಟಿದ್ದರೆ, ಅಂದಿನಿಂದ ಮತ್ತೆ 3 ವರ್ಷ ಎಣಿಸಬೇಕು.

ಅವಧಿ ಮುಗಿದ ಮೇಲೂ ಎಚ್ಚರಿಕೆ ಬೇಕು. ‘ಕೊಡುತ್ತೇನೆ’ ಎಂದು ಬರೆದು ರುಜು ಹಾಕಿದರೆ, 1872ರ ಕರಾರು ಕಾಯಿದೆಯ 25ನೆಯ ಕಲಮಿನಂತೆ ಅದು ಹೊಸ ಕರಾರೇ ಆಗುತ್ತದೆ. ಬಾಯಿಮಾತಿಗೆ ಆ ಬಲವಿಲ್ಲ.

ಕೋರ್ಟಿನ ಸಮನ್ಸು ಬಂದರೆ ಮಾತ್ರ ತಪ್ಪದೆ ಹಾಜರಾಗಿ, ಕಾಲ ಮೀರಿದೆಯೆಂದು ತಿಳಿಸಬೇಕು. ಕೈಗಾರಿಕಾ ಕಾರ್ಮಿಕರಿಗೂ ಹೆಂಗಸರಿಗೂ ಕಡಿಮೆ ವರಮಾನದವರಿಗೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವು ಉಚಿತವಾಗಿ ವಕೀಲರನ್ನು ಒದಗಿಸುತ್ತದೆ.

ಕಾಲ ಮೀರಿದರೆ ದಾವೆಯ ಹಕ್ಕು ಹೋಗುವುದೇ ಹೊರತು ಋಣ ತೀರಿತೆಂದಲ್ಲ. ಮನಸ್ಸಿದ್ದವರು ಕೊಡಲಿ, ಕೊಟ್ಟಾಗ ‘ಪೂರ್ತಿ ಸಂದಿತು’ ಎಂಬ ರಸೀದಿ ಪಡೆದುಕೊಳ್ಳಲಿ.